4 ಗಂಟೆಯ ಮ್ಯಾರಥಾನ್, ಒಂದು ಗುಂಪು: 400, ಯಾಸೊ 800, ಟೆಂಪೊ, ಫಾರ್ಟ್‌ಲೆಕ್ — ಯಾವುದನ್ನು ಜೊತೆಯಲ್ಲಿ ಓಡಬೇಕು?

ಜನವರಿಯ ಮುಂಬೈ ಮ್ಯಾರಥಾನ್‌ಗೆ ಬೆಂಗಳೂರಿನಲ್ಲಿ ತಯಾರಿ ಬಿಸಿಯೇರುವುದು ಸೆಪ್ಟೆಂಬರ್ ಹೊತ್ತಿಗೆ. ಭಾನುವಾರದ ಲಾಂಗ್ ರನ್ ಬಗ್ಗೆ ಯಾರದೂ ತಕರಾರಿಲ್ಲ. ಚರ್ಚೆಯೆಲ್ಲ ವಾರದ ನಡುವಿನ ಸ್ಪೀಡ್ ವರ್ಕೌಟಿನದು: ಕಂಠೀರವದ ಟ್ರ್ಯಾಕಿನಲ್ಲಿ 400 ಮೀಟರಿನ ಸುತ್ತು ಹೊಡೆಯುವುದೋ, ಯಾಸೊ 800 (800 ಮೀಟರನ್ನು ಹತ್ತು ಸಲ) ಮಾಡುವುದೋ, ಕಬ್ಬನ್ ಪಾರ್ಕಿನಲ್ಲಿ ಟೆಂಪೊ (ಒಂದೇ ಹದದ ಗಟ್ಟಿ ಓಟ) ಓಡುವುದೋ, ವೇಗ ಬದಲಿಸುತ್ತಾ ಓಡುವ ಫಾರ್ಟ್‌ಲೆಕ್ಕೋ. ನಾಲ್ಕನ್ನೂ ಗುಂಪಿನಲ್ಲಿ ವಾರಗಟ್ಟಲೆ ಮಾಡಿ ನೋಡಿ ಬರೆದದ್ದು ಇದು. ಲೆಕ್ಕಕ್ಕೆ 4 ಗಂಟೆಯ ಗುರಿ ಇಟ್ಟುಕೊಂಡು, ವಾರಕ್ಕೆ 60 ಕಿ.ಮೀ. ಓಡುವವರನ್ನು ತೆಗೆದುಕೊಂಡಿದ್ದೇವೆ. ಅವರ ಮ್ಯಾರಥಾನ್ ಪೇಸ್, ಅಂದರೆ ಓಟದುದ್ದಕ್ಕೂ ಹಿಡಿದಿಡಬೇಕಾದ ವೇಗ, ಕಿ.ಮೀ.ಗೆ 5:41 ನಿಮಿಷ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಗುಂಪಿನಲ್ಲಿ ಅತಿ ಹೆಚ್ಚು ಹುರುಪು ಬರುವುದು 400ರಲ್ಲಿ, ಮ್ಯಾರಥಾನ್‌ಗೆ ಅತಿ ಕಡಿಮೆ ಬೇಕಾದದ್ದೂ ಅದೇ. ಅತಿ ಹೆಚ್ಚು ಬೇಕಾದದ್ದು ಟೆಂಪೊ, ಗುಂಪು ಕೆಡಿಸುವುದೂ ಅದನ್ನೇ.

400 ಮೀಟರ್

8ರಿಂದ 10 ಸುತ್ತು, ಒಂದೊಂದಕ್ಕೆ 2:00 ನಿಮಿಷ, ನಡುವೆ 90 ಸೆಕೆಂಡ್ ನಿಧಾನದ ಜಾಗ್. ಅದಕ್ಕೂ ಮೊದಲು 2 ಕಿ.ಮೀ. ವಾರ್ಮಪ್, 80 ಮೀಟರಿನ ನಾಲ್ಕು ಸ್ಟ್ರೈಡ್ (ವೇಗ ಏರಿಸುತ್ತಾ ಓಡುವ ಚುಟುಕು ಓಟ). ಪ್ರತಿ 100 ಮೀಟರಿಗೆ 30 ಸೆಕೆಂಡ್ ಬರಬೇಕು. ಗುಂಪಿನಲ್ಲಿ ಬರುವುದು ಹೇಗೆಂದರೆ 24, 28, 32, 36. ವಾಚಿನಲ್ಲಿ 2:00 ಎಂದೇ ಇರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಆ ಮೊದಲ 24 ಸೆಕೆಂಡ್ ಬರೀ ಸ್ಪ್ರಿಂಟು. ಮೀನಖಂಡ ಹಿಡಿದುಕೊಳ್ಳುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮದ್ದು ಸುಲಭ: 100 ಮೀಟರ್ ಗುರುತಿನಲ್ಲಿ ಒಬ್ಬರು ನಿಂತು ಸೆಕೆಂಡ್ ಕೂಗಲಿ. "ಇಪ್ಪತ್ತಾರು!" ಎಂದು ಕಿವಿಗೆ ಬಿದ್ದರೆ ಕಾಲು ತಾನಾಗಿ ತಗ್ಗುತ್ತದೆ.

ಎರಡನೆಯ ಎಡವಟ್ಟು ಲೇನಿನದು. 400 ಮೀಟರ್ ಆಗುವುದು ಒಂದನೇ ಲೇನಿನಲ್ಲಿ ಮಾತ್ರ. ಹೊರಗೆ ಹೋದಂತೆ ಲೇನಿಗೆ ಸುಮಾರು 7.7 ಮೀಟರ್ ಹೆಚ್ಚುತ್ತದೆ. ನಾಲ್ಕನೇ ಲೇನಿನಲ್ಲಿ ಪಕ್ಕದವರ ಜೊತೆ ಹೆಗಲಿಗೆ ಹೆಗಲು ಕೊಟ್ಟು 2:00ಕ್ಕೆ ಮುಗಿಸಿದವರು ಓಡಿದ್ದು 423 ಮೀಟರ್. ಅಂದರೆ ಅವರ ಪೇಸ್ 5:00 ಅಲ್ಲ, 4:44. ಹತ್ತು ಸುತ್ತಿಗೆ ಅದು ಬೇರೆಯದೇ ವರ್ಕೌಟ್. ಜಿಪಿಎಸ್ ಇಲ್ಲಿ ನೆರವಿಗೆ ಬರುವುದಿಲ್ಲ, ತಿರುವುಗಳಲ್ಲಿ ಅದಕ್ಕೆ ದಿಕ್ಕು ತಪ್ಪುತ್ತದೆ. ವಾಚು ತಾನಾಗಿ ಲ್ಯಾಪ್ ಗುರುತಿಸುವ ಆಟೊ ಲ್ಯಾಪ್ ಆಫ್ ಮಾಡಿ, ಗೆರೆ ದಾಟುವಾಗ ಲ್ಯಾಪ್ ಬಟನ್ ಕೈಯಲ್ಲೇ ಒತ್ತಿ.

ಮೂರನೆಯದು ಯಾರ ಕಣ್ಣಿಗೂ ಬೀಳದ ಅನ್ಯಾಯ. ಎಲ್ಲರೂ 3:30ಕ್ಕೊಮ್ಮೆ ಒಟ್ಟಿಗೆ ಹೊರಡುವುದಾದರೆ, 1:40ಕ್ಕೆ ಮುಗಿಸಿದವರಿಗೆ 1:50 ವಿಶ್ರಾಂತಿ, 2:20 ತೆಗೆದುಕೊಂಡವರಿಗೆ 1:10 ಮಾತ್ರ. ಹೆಚ್ಚು ದಣಿದವರಿಗೇ ಕಡಿಮೆ ಉಸಿರು. ಕೊನೆಯವರು ಬಂದ ಮೇಲೆ ಹೊರಡೋಣ ಎಂದರೆ ಮುಂದಿನವರು ನಿಂತು ಹರಟೆ ಹೊಡೆಯುತ್ತಾರೆ, ಮೈ ಆರುತ್ತದೆ. ಸುತ್ತಿಗೆ 8-10 ಸೆಕೆಂಡ್ ವ್ಯತ್ಯಾಸದೊಳಗಿನವರನ್ನೇ ಒಂದು ಪಂಗಡ ಮಾಡಿ, ಪಂಗಡಕ್ಕೊಂದು ವಾಚು ಇಡುವುದೊಂದೇ ದಾರಿ.

ಯಾಸೊ 800

ಅಮೆರಿಕದ ಓಟಗಾರ ಬಾರ್ಟ್ ಯಾಸೊ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕ ಇದು: 800 ಮೀಟರನ್ನು 4 ನಿಮಿಷದಂತೆ ಹತ್ತು ಸಲ ಓಡಿ, ನಡುವೆ ನಾಲ್ಕೇ ನಿಮಿಷ ಜಾಗ್ ಮಾಡಿದರೆ ಮ್ಯಾರಥಾನ್ 4 ಗಂಟೆಗೆ ಬರುತ್ತದೆ. ಕೇಳಲು ಚೆಂದ, ನೆನಪಿಡಲು ಇನ್ನೂ ಚೆಂದ. ಗುಂಪಿಗೆ 400ಕ್ಕಿಂತ ಹೊಂದುವುದು ನಿಜ. ಎರಡು ಸುತ್ತು ಇರುವುದರಿಂದ ಮೊದಲ ನೂರು ಮೀಟರಿನ ಹುಚ್ಚು ಎರಡನೇ ಸುತ್ತಿನಲ್ಲಿ ಬಯಲಾಗುತ್ತದೆ, ಮೂರನೆಯದರ ಹೊತ್ತಿಗೆ ಎಲ್ಲರೂ ಸರಿದಾರಿಗೆ ಬರುತ್ತಾರೆ.

ತೊಡಕು ಪ್ರಮಾಣದ್ದು. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ಅವರ ಲೆಕ್ಕದಲ್ಲಿ ಈ ಬಗೆಯ ಗಟ್ಟಿ ಇಂಟರ್ವಲ್ (ನಡುವೆ ವಿಶ್ರಾಂತಿ ಕೊಟ್ಟು ಓಡುವ ಜೋರು ತುಂಡುಗಳು) ಒಂದು ದಿನಕ್ಕೆ ವಾರದ ಓಟದ 8% ದಾಟಬಾರದು. 60 ಕಿ.ಮೀ.ಯವರಿಗೆ ಅದು 4.8 ಕಿ.ಮೀ., ಅಂದರೆ ಆರು 800. ಹತ್ತು ಮಾಡಲು ವಾರಕ್ಕೆ 100 ಕಿ.ಮೀ. ಓಡುತ್ತಿರಬೇಕು. ವಾರ್ಮಪ್, ಕೂಲ್‌ಡೌನ್ ಸೇರಿದರೆ ಒಂದೂಮುಕ್ಕಾಲು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಆಫೀಸಿನ ಕ್ಯಾಬ್ ಹಿಡಿಯುವವರು ಕತ್ತರಿ ಹಾಕುವುದು ವಾರ್ಮಪ್ಪಿಗೇ. ಭವಿಷ್ಯ ಹೇಳುವ ಯಂತ್ರವೆಂದೂ ನಂಬಬೇಡಿ. ಲಾಂಗ್ ರನ್ ಕಡಿಮೆ ಇದ್ದು ಕಾಲಲ್ಲಿ ವೇಗ ಇರುವವರು 4:00ಕ್ಕೆ 800 ಸಲೀಸಾಗಿ ಹೊಡೆಯುತ್ತಾರೆ, ಮ್ಯಾರಥಾನ್‌ನಲ್ಲಿ 32ನೇ ಕಿ.ಮೀ.ನಲ್ಲಿ ನಡೆಯುತ್ತಾರೆ. ಆರು ಸಲ ಮಾಡಿ, ಮೂರು ವಾರಕ್ಕೊಮ್ಮೆ ಮಾಡಿ, ಸಾಕು.

ಟೆಂಪೊ

ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ವೇಗ ಇದು, ನಮ್ಮ 4 ಗಂಟೆಯವರಿಗೆ 5:20 ಆಸುಪಾಸು. 2-3 ಕಿ.ಮೀ. ವಾರ್ಮಪ್ ಆದ ಮೇಲೆ 20ರಿಂದ 30 ನಿಮಿಷ. ದೇಹದಲ್ಲಿ ಲ್ಯಾಕ್ಟೇಟ್ (ಜೋರಾಗಿ ಓಡುವಾಗ ಸ್ನಾಯುಗಳಲ್ಲಿ ಹೆಚ್ಚುವ ವಸ್ತು) ಹುಟ್ಟುವುದೂ ಕರಗುವುದೂ ಇನ್ನೂ ಸಮತೂಕದಲ್ಲಿರುವ ಅಂಚು ಅದು. ಆ ಅಂಚು ಮೇಲೆ ಸರಿದಷ್ಟೂ 5:41 ಹಗುರವಾಗುತ್ತದೆ. ಮುಂಬೈಯಲ್ಲಿ ಓಟದ ಕೊನೆಯ ಭಾಗದಲ್ಲಿ ಪೆಡ್ಡರ್ ರಸ್ತೆಯ ಏರು ಸಿಕ್ಕಾಗ, ಕಡಲತೀರದ ಆ ಸೆಕೆಯಲ್ಲಿ ಕೆಲಸಕ್ಕೆ ಬರುವುದು ಇದೇ, 400ರ ವೇಗವಲ್ಲ.

ಪರೀಕ್ಷೆ ಒಂದು ಸಾಲಿನದು. "ಇನ್ನೆಷ್ಟು ಸುತ್ತು?" ಎಂದು ಕೇಳಲು ಆಗಬೇಕು, ಅದರ ಮುಂದೆ ಮಾತು ಬೆಳೆಸಲು ಆಗಬಾರದು. ಟ್ರಾಫಿಕ್ ಬಗ್ಗೆ ಚರ್ಚೆ ನಡೆದಿದೆಯೆಂದರೆ ಅದು ಟೆಂಪೊ ಅಲ್ಲ. ಉತ್ತರವೇ ಬರದಿದ್ದರೆ ಅದೂ ಅಲ್ಲ.

ಗುಂಪಿನಲ್ಲಿ ಇದು ಕೆಡುವ ಬಗೆ ನೋಡಿ. ಒಬ್ಬರು ಅರ್ಧ ಹೆಜ್ಜೆ ಮುಂದೆ ಇರುತ್ತಾರೆ. ಪಕ್ಕದವರು ಸರಿಸಮ ಬರುತ್ತಾರೆ. ಅವರು ಮತ್ತೆ ಅರ್ಧ ಹೆಜ್ಜೆ. ಯಾರೂ ಪೈಪೋಟಿ ಮಾಡುತ್ತಿಲ್ಲ ಎಂದುಕೊಂಡೇ ಮೂರನೇ ಕಿ.ಮೀ.ಗೆ 5:20 ಹೋಗಿ 5:02 ಆಗಿರುತ್ತದೆ, ಆರನೆಯದಕ್ಕೆ ಗುಂಪು ಚೂರು. ಸಿಕ್ಕಿದ್ದು ಕೆಟ್ಟದಾಗಿ ಓಡಿದ ಒಂದು 5 ಕಿ.ಮೀ. ರೇಸು, ಗುರುವಾರದ ಕಾಲುನೋವು ಬೋನಸ್ಸು.

ನಮ್ಮಲ್ಲಿ ಕೆಲಸ ಮಾಡಿದ ಉಪಾಯವೆಂದರೆ ಟೆಂಪೊವನ್ನು ತುಂಡು ಮಾಡುವುದು. 1600 ಮೀಟರಿನ ನಾಲ್ಕು ತುಂಡು, ಒಂದೊಂದಕ್ಕೆ 8:32, ನಡುವೆ ಒಂದೇ ನಿಮಿಷ. ತುಂಡಿಗೊಬ್ಬರು ಪೇಸರ್ (ಮುಂದೆ ಓಡಿ ವೇಗ ಕಾಯುವವರು), ಅವರ ಹೆಗಲು ದಾಟುವಂತಿಲ್ಲ. 8:25ಕ್ಕಿಂತ ಬೇಗ ಮುಗಿಸಿದ ಪೇಸರ್ ಮುಂದಿನ ತುಂಡಿನಲ್ಲಿ ಸಾಲಿನ ಕೊನೆಗೆ. ಈ ಕೊನೆಯ ನಿಯಮ ತಮಾಷೆಗೆ ಶುರುವಾದರೂ ಹೆಚ್ಚು ಫಲ ಕೊಟ್ಟದ್ದು ಅದೇ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ವಾಚಿನ ಕ್ಷಣಕ್ಷಣದ ಪೇಸ್ 4:50, 5:45 ಎಂದು ಕುಣಿಯುತ್ತದೆ. ಪರದೆಯಲ್ಲಿ ಲ್ಯಾಪ್ ಸರಾಸರಿ ಮಾತ್ರ ಇರಲಿ.

ಫಾರ್ಟ್‌ಲೆಕ್

1930ರ ದಶಕದ ಸ್ವೀಡನ್ನಿನ ಪದ್ಧತಿ. ಅಲ್ಲಿಯದು ಮನಬಂದಂತೆ ವೇಗ ಬದಲಿಸುವ ಆಟ, ಗುಂಪಿಗೆ ಮಾತ್ರ ಸೀಟಿ ಬೇಕು. 3 ನಿಮಿಷ ಜೋರು, 2 ನಿಮಿಷ ನಿಧಾನ, ಆರರಿಂದ ಎಂಟು ಸಲ. ಇದರ ಗುಟ್ಟು ವಿಶ್ರಾಂತಿಯಲ್ಲಿದೆ: ಸೀಟಿ ಬಿದ್ದ ಕೂಡಲೇ ಮುಂದಿರುವವರು ಹಿಂದಕ್ಕೆ ತಿರುಗಿ ಕೊನೆಯವರ ಕಡೆಗೆ ಜಾಗ್ ಮಾಡುತ್ತಾ ಬರಬೇಕು. 2 ನಿಮಿಷದಲ್ಲಿ ಎಲ್ಲರೂ ಒಂದೆಡೆ ಸೇರಿರುತ್ತಾರೆ, ಮತ್ತೆ ಒಟ್ಟಿಗೆ ಹೊರಡುತ್ತಾರೆ. ಕಿ.ಮೀ.ಗೆ 4:20ರವರೂ 6:00ರವರೂ ಅಷ್ಟೇ ಹೊತ್ತು ದುಡಿದಿರುತ್ತಾರೆ, ಅಷ್ಟೇ ಹೊತ್ತು ಉಸಿರು ಬಿಟ್ಟಿರುತ್ತಾರೆ. ಪಂಗಡ ಬೇಡ, ಲೇನ್ ಬೇಡ, ಮಳೆ ಬಂದು ಟ್ರ್ಯಾಕ್ ಸಿಗದ ದಿನಕ್ಕೂ ಆಗುತ್ತದೆ. ಗುಂಪಿಗೆಂದೇ ಹುಟ್ಟಿದಂತಿದೆ. ಅಂಕಿ ಬೇಕೆನ್ನುವವರಿಗೆ ಮಾತ್ರ ನಿರಾಸೆ, ಕಳೆದ ವಾರಕ್ಕೆ ಹೋಲಿಸಲು ಇಲ್ಲಿ ಏನೂ ಉಳಿಯುವುದಿಲ್ಲ.

ಏರು ರಸ್ತೆಯನ್ನು ಮತ್ತೆ ಮತ್ತೆ ಓಡಿ ಹತ್ತುವ ರಿಪೀಟ್ ಕೂಡ ಇದೇ ಜಾತಿ. 60-90 ಸೆಕೆಂಡಿನ ಹದವಾದ ಏರು ಸಾಕು. ನಂದಿ ಬೆಟ್ಟ ಭಾನುವಾರಕ್ಕಿರಲಿ.

ವಾರಕ್ಕೆ ಎಷ್ಟು?

60 ಕಿ.ಮೀ. ಓಡುವವರಿಗೆ ವಾರಕ್ಕೆ ಎರಡು ಗಟ್ಟಿ ದಿನ, ಮೂರನೆಯದು ಬೇಡ. ಮಂಗಳವಾರ ಗುಂಪಿನಲ್ಲಿ ಫಾರ್ಟ್‌ಲೆಕ್ ಅಥವಾ ಆರು 800, ಗುರುವಾರ ತುಂಡು ಟೆಂಪೊ ಪೇಸರ್ ಜೊತೆ. ಪೇಸರ್ ಇಲ್ಲದಿದ್ದರೆ ಒಬ್ಬರೇ. ಭಾನುವಾರದ ಲಾಂಗ್ ರನ್‌ನಲ್ಲಿ ಮ್ಯಾರಥಾನ್ ಪೇಸ್ ಸೇರಿಸಿದ ವಾರ ಗುರುವಾರದ್ದನ್ನು ಬಿಡಿ. 400 ಬೇಕೇ ಎಂದರೆ ತಯಾರಿಯ ಮೊದಲ ತಿಂಗಳಲ್ಲಿ ಮುಗಿಸಿಬಿಡಿ.

ರೇಸಿಗೆ ಹತ್ತು ದಿನ ಇರುವಾಗ ಕೊನೆಯ ಗಟ್ಟಿ ಓಟ: 1600ರ ಎರಡು ತುಂಡು, ಅದೇ 8:32. ಅವತ್ತು ಗುಂಪಿನಲ್ಲಿ ಯಾರಾದರೂ "ಲಾಸ್ಟ್ ಒನ್, ಜೋರಾಗಿ ಹೊಡೆಯೋಣ ಗುರೂ" ಅಂದೇ ಅನ್ನುತ್ತಾರೆ. ಅವರು ಹೊಡೆಯಲಿ. ನೀವು ಶೂ ಲೇಸ್ ಕಟ್ಟುವ ನೆಪದಲ್ಲಿ ಕೂತುಬಿಡಿ.