ಮೊದಲ ದೊಡ್ಡ ಕೆಡವುವ ಗುತ್ತಿಗೆ: ತೀರ್ಥಹಳ್ಳಿಯ ನಮ್ಮ ಹಳೆಯ ಅಕ್ಕಿ ಗಿರಣಿಯನ್ನು ಇಳಿಸಿದ ಸಂಸ್ಥೆಯ ಬಗ್ಗೆ

2024ರ ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಿದ್ದ ನಮ್ಮ ಕುಟುಂಬದ ಹಳೆಯ ಅಕ್ಕಿ ಗಿರಣಿಯನ್ನೂ ಅದರ ಮುಂಭಾಗದಲ್ಲಿ ರಸ್ತೆಗೆ ಮುಖ ಮಾಡಿದ್ದ ಎರಡಂತಸ್ತಿನ ಹೆಂಚಿನ ಮನೆಯನ್ನೂ ತೆರವುಗೊಳಿಸುವ ಕೆಲಸವನ್ನು ಶಿವಮೊಗ್ಗದ ಒಂದು ಸಂಸ್ಥೆಗೆ ಒಪ್ಪಿಸಿದ್ದೆವು. ಆಸ್ತಿಯಲ್ಲಿ ಪಾಲಿದ್ದ ನಾಲ್ವರ ಪರವಾಗಿ ವ್ಯವಹಾರವನ್ನು ನೋಡಿಕೊಂಡವನು ನಾನು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ; ಅದನ್ನು ನಡೆಸುವ ಇಬ್ಬರು ಅಣ್ಣತಮ್ಮಂದಿರು ಈ ಕಸುಬಿಗೆ ಹೊಸಬರು, ತಮ್ಮಿಂದಾದ ನಷ್ಟದ ಬಹುಪಾಲನ್ನು ತಾವೇ ಸರಿಪಡಿಸಿದವರು. ಆದರೆ ಮಲೆನಾಡಿನಲ್ಲಿ ಹಳೆಯ ಕಟ್ಟಡ ಕೆಡವಿಸಬೇಕೆಂದಿರುವವರಿಗೂ, ಅಂಥ ಕೆಲಸವನ್ನು ಮೊದಲ ಬಾರಿಗೆ ಹಿಡಿಯಲು ಹೊರಟವರಿಗೂ ಉಪಯೋಗವಾಗಲಿ ಎಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಇವರ ಬಳಿ ಎರಡು ಹಿಟಾಚಿ, ಒಂದು ಜೆಸಿಬಿ, ಮೂರು ಟಿಪ್ಪರ್‌ಗಳಿದ್ದವು. ಅಡಿಕೆ ತೋಟಕ್ಕೆ ಜಾಗ ಮಟ್ಟ ಮಾಡುವುದು, ನಿವೇಶನಕ್ಕೆ ಮಣ್ಣು ತುಂಬಿಸುವುದು, ಕಾಲುವೆ ತೋಡುವುದು ಅವರ ಮಾಮೂಲು ಕೆಲಸಗಳಾಗಿದ್ದವು. ಕೆಡವುವ ವಿಷಯದಲ್ಲಿ ಕೊಟ್ಟಿಗೆ, ಕಾಂಪೌಂಡು, ಒಂದೆರಡು ಸಣ್ಣ ಮನೆಗಳಷ್ಟೇ ಅವರ ಅನುಭವ. ಇದನ್ನು ಅವರು ಮುಚ್ಚಿಡಲಿಲ್ಲ. ಬೇರೆ ಇಬ್ಬರು ಗುತ್ತಿಗೆದಾರರು 7,60,000 ಮತ್ತು 8,90,000 ರೂಪಾಯಿ ಕೇಳಿದ್ದಲ್ಲಿ ಇವರು 4,80,000ಕ್ಕೆ, ಅದೂ 25 ದಿನಗಳಲ್ಲಿ ಮುಗಿಸಿಕೊಡುತ್ತೇವೆಂದರು. ಮರಮಟ್ಟು ಮತ್ತು ಗುಜರಿಯ ಬೆಲೆಯನ್ನು ಒಟ್ಟಾಗಿ ಕಳೆದು ಹೇಳಿದ ದರ ಅದು. ಅಂತರ ಅಷ್ಟೊಂದಿರುವಾಗ ಕಾರಣವೇನೆಂದು ಕೇಳಬೇಕಾಗಿತ್ತು. ನಾವು ಕೇಳಲಿಲ್ಲ, ಆ ಮಟ್ಟಿಗೆ ತಪ್ಪು ನಮ್ಮದೂ ಹೌದು.

ಅವರ ಅಂದಾಜು ಎಲ್ಲಿ ತಪ್ಪಿತೆಂಬುದು ನನಗೆ ಅರ್ಥವಾದದ್ದು ಲೋಡುಗಳನ್ನು ಎಣಿಸತೊಡಗಿದ ಮೇಲೆ. ಗಿರಣಿ 90 ಅಡಿ ಉದ್ದ, 40 ಅಡಿ ಅಗಲ. ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಗೋಡೆ ಒಂದೂವರೆ ಅಡಿ ದಪ್ಪ, 18 ಅಡಿ ಎತ್ತರ. ಲೆಕ್ಕ ಹಾಕಿದರೆ ಗೋಡೆಯ ಗಾತ್ರ ಸುಮಾರು 7,000 ಘನ ಅಡಿ. ಅವರ ಟಿಪ್ಪರ್ ಒಂದು ಸಲಕ್ಕೆ 200 ಘನ ಅಡಿ ಹೊರುತ್ತಿತ್ತಾದ್ದರಿಂದ 35 ಲೋಡು ಎಂದು ಅವರು ಬರೆದುಕೊಂಡಿದ್ದರು. ನಿಂತ ಗೋಡೆಗೆ ಈ ಲೆಕ್ಕ ಸರಿ. ಆದರೆ ಒಡೆದ ಗೋಡೆ ಹಾಗೆ ಅಡಕವಾಗಿ ಕೂರುವುದಿಲ್ಲ. ತುಂಡುಗಳ ನಡುವೆ ಸಂದು ಬಿದ್ದು ಅದೇ ಗೋಡೆ ಸುಮಾರು ಒಂದೂವರೆ ಪಟ್ಟಿನ ಹತ್ತಿರಕ್ಕೆ ಉಬ್ಬುತ್ತದೆ. ಇದಲ್ಲದೆ ಅರ್ಧ ಅಡಿ ದಪ್ಪದ ಕಾಂಕ್ರೀಟ್ ನೆಲವೊಂದೇ 1,800 ಘನ ಅಡಿ; ಅದು ಅವರ ಲೆಕ್ಕದಲ್ಲೇ ಇರಲಿಲ್ಲ, ನಮ್ಮ ಕರಾರು ಪತ್ರದಲ್ಲೂ ಅದರ ಪ್ರಸ್ತಾಪವಿರಲಿಲ್ಲ. ಗಿರಣಿಯೊಂದರಿಂದಲೇ ಹೊರಗೆ ಹೋದದ್ದು 64 ಲೋಡು. ಮಣ್ಣಿನ ಕೆಲಸದಲ್ಲಿ ನುರಿತವರಿಗೆ ಮಣ್ಣು ಅಗೆದರೆ ಉಬ್ಬುತ್ತದೆಂಬುದು ತಿಳಿದೇ ಇರುತ್ತದೆ. ಅದೇ ತಿಳಿವಳಿಕೆಯನ್ನು ಗೋಡೆಗೆ ಅನ್ವಯಿಸಲು ಅವರಿಗೆ ಹೊಳೆಯಲಿಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿ.

ಈ ಲೋಡುಗಳನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆ ಎರಡನೆಯ ವಾರದಲ್ಲಿ ಎದ್ದಿತು. ಮೊದಲ ಕೆಲವು ಲೋಡುಗಳನ್ನು ಅವರ ಚಾಲಕರು ಊರಾಚೆಯ ಒಂದು ಹಳ್ಳದ ದಡದಲ್ಲಿ ಸುರಿದು ಬಂದಿದ್ದರು. ಆ ಹಳ್ಳ ಮಳೆಗಾಲದಲ್ಲಿ ತುಂಬಿ ಹರಿದು ತುಂಗೆಯನ್ನು ಸೇರುವಂಥದ್ದು. ಸುದ್ದಿ ತಿಳಿದ ದಿನವೇ ನಾನು ಅವರನ್ನು ಕರೆದುಕೊಂಡು ಹೋಗಿ ತೋರಿಸಿ, ಅಷ್ಟನ್ನೂ ಮತ್ತೆ ತುಂಬಿಸಿ ತೆಗೆಸಿದೆ. ಆಗ ಜಾರಿಯಲ್ಲಿದ್ದ 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಒಂದು ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಿಂದ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ತ್ಯಾಜ್ಯ ಹೊರಡುವುದಾದರೆ ಅದನ್ನು ಬಗೆಬಗೆಯಾಗಿ ಬೇರ್ಪಡಿಸಬೇಕಿತ್ತು ಮತ್ತು ಕೆಲಸ ಆರಂಭಿಸುವ ಮೊದಲೇ ವಿಲೇವಾರಿಯ ಯೋಜನೆ ಸಲ್ಲಿಸಿ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆಯಬೇಕಿತ್ತು. ಘನ ಮೀಟರಿಗೆ ಎರಡು ಟನ್ ಎಂದು ಹಿಡಿದರೂ ನಮ್ಮ ಗಿರಣಿಯ ಗೋಡೆಗಳೇ ಸುಮಾರು 400 ಟನ್ ತೂಗುತ್ತಿದ್ದವು. ಈ ನಿಯಮ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಒಪ್ಪಿಗೆ ಪಡೆಯುವ ಹೊತ್ತಿಗೆ ಒಂಬತ್ತು ದಿನ ಕೆಲಸ ನಿಂತಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಗಿರಣಿಯ ಗೋದಾಮಿನ ಮಾಡು ಇಳಿಸಿದ ರೀತಿ. ಅದಕ್ಕೆ ಹೊದೆಸಿದ್ದು ಹಳೆಯ ಆಸ್ಬೆಸ್ಟಾಸ್ ಶೀಟು. ಕೂಲಿಯವರು ಮೇಲೇರಿ ಶೀಟುಗಳನ್ನು ಸುತ್ತಿಗೆಯಿಂದ ಒಡೆದು ಕೆಳಕ್ಕೆ ಎಸೆಯುತ್ತಿದ್ದರು. ಕೆಳಗೆ ಹೆಂಗಸರು ಬರಿಗೈಯಲ್ಲಿ ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದರು, ಸೆರಗನ್ನು ಮೂಗಿಗೆ ಅಡ್ಡ ಹಿಡಿದದ್ದೇ ಅವರಿಗಿದ್ದ ರಕ್ಷಣೆ. ಆಸ್ಬೆಸ್ಟಾಸಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು ಶ್ವಾಸಕೋಶದಲ್ಲಿ ಉಳಿದುಬಿಡುತ್ತವೆ, ರೋಗ ತಲೆದೋರಲು ದಶಕಗಳೇ ಹಿಡಿಯಬಹುದು. ಆದ್ದರಿಂದಲೇ ಆ ದಿನ ಯಾರಿಗೂ ಏನೂ ಆಗಲಿಲ್ಲವೆಂಬ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಶೀಟಿಗೆ ಮೊದಲು ನೀರು ಹಾಯಿಸಿ ನೆನೆಸಬೇಕು, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು, ಕೆಲಸದವರಿಗೆ ಇದಕ್ಕೆ ತಕ್ಕ ಮುಖಗವಸು ಕೊಡಬೇಕು. ನಾನು ಕೆಲಸ ನಿಲ್ಲಿಸಿದಾಗ ಮೂರನೆಯ ಒಂದು ಭಾಗ ಆಗಲೇ ನೆಲ ಸೇರಿತ್ತು. ಉಳಿದದ್ದನ್ನು ಅವರು ನಾನು ಹೇಳಿದಂತೆಯೇ ಇಳಿಸಿದರು, ಎದುರು ಮಾತಾಡಲಿಲ್ಲ. ಗೊತ್ತಿಲ್ಲದೆ ಮಾಡಿದ್ದರೆಂಬುದು ನಿಜ, ಆದರೆ ಇದು ಗೊತ್ತಿಲ್ಲದವರು ಕೂಲಿಯವರನ್ನು ಮಾಡಿನ ಮೇಲೆ ಹತ್ತಿಸಬಾರದು.

ಮನೆಯ ಉತ್ತರದ ಗೋಡೆ ನಮಗೂ ಪಕ್ಕದ ಗೊಬ್ಬರದ ಅಂಗಡಿಗೂ ಜಂಟಿ ಗೋಡೆ. ಅಟ್ಟದ ಒಂದು ತೊಲೆಯ ತುದಿ ಆ ಗೋಡೆಯೊಳಗೆ ಒಂದು ಗೇಣಿನಷ್ಟು ಹುದುಗಿತ್ತು. ಹಿಟಾಚಿಯವನು ಬಕೆಟ್ಟನ್ನು ತೊಲೆಗೆ ಸಿಕ್ಕಿಸಿ ಹಿಂದಕ್ಕೆ ಎಳೆದ. ತೊಲೆ ಬರಲಿಲ್ಲ, ಗೋಡೆ ಬಂತು. ಅಂಗಡಿಯೊಳಗೆ ನಾವು ಓಡಿಹೋಗಿ ನೋಡಿದಾಗ ಸೂರಿನ ಅಡಿಯಿಂದ ಬಾಗಿಲ ಚೌಕಟ್ಟಿನವರೆಗೆ ಓರೆಯಾಗಿ ಬಿರುಕು ಇಳಿದಿತ್ತು, ಒಂದು ರೂಪಾಯಿ ನಾಣ್ಯವನ್ನು ತೂರಿಸಬಹುದಾದಷ್ಟು ಅಗಲ. ಕೆಳಗಿನ ಮೇಜಿನ ಮೇಲೆ ತೆರೆದಿಟ್ಟಿದ್ದ ಲೆಕ್ಕದ ಪುಸ್ತಕ ಸುಣ್ಣದ ಪುಡಿಯಲ್ಲಿ ಮುಚ್ಚಿಹೋಗಿತ್ತು. ಅದರ ಮುಂದೆ ಕೂರುವ ಯಜಮಾನರು ಆಗ ಊಟಕ್ಕೆ ಹೋಗಿದ್ದರು. ಅಂಥ ತೊಲೆಯನ್ನು ಗೋಡೆಯಿಂದ ಒಂದಡಿ ಬಿಟ್ಟು ಕೈಗರಗಸದಲ್ಲಿ ಕತ್ತರಿಸಿ ಇಳಿಸಿಕೊಂಡು, ಉಳಿದ ತುದಿಯನ್ನು ನಿಧಾನವಾಗಿ ಬಿಡಿಸಿ, ಗುಂಡಿಯನ್ನು ಕೂಡಲೇ ತುಂಬಬೇಕಿತ್ತು. ಕೆಲಸಕ್ಕೆ ಮೊದಲು ನೆರೆಯವರ ಗೋಡೆಯನ್ನು ಅವರ ಸಮಕ್ಷಮದಲ್ಲೇ ಫೋಟೊ ತೆಗೆದಿಟ್ಟಿದ್ದರೆ ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂಬ ಎರಡು ವಾರದ ಜಗ್ಗಾಟವೂ ತಪ್ಪುತ್ತಿತ್ತು. ಕಟ್ಟಡ ಕೆಡವುವಾಗಿನ ಸುರಕ್ಷತೆಗೆಂದೇ ಐಎಸ್ 4130 ಎಂಬ ಭಾರತೀಯ ಮಾನಕವಿದೆ. ಮೊದಲು ಕಟ್ಟಡವನ್ನೂ ಅಕ್ಕಪಕ್ಕವನ್ನೂ ಪರಿಶೀಲಿಸಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿಸಬೇಕು, ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಬರಬೇಕು ಎಂಬ ಮೂಲ ಪಾಠ ಅದರಲ್ಲಿದೆ. ಇವರು ಸಂಪರ್ಕ ಕಡಿಸುವುದನ್ನು ಮೆಸ್ಕಾಂಗೆ ಅರ್ಜಿ ಕೊಟ್ಟು ಸರಿಯಾಗಿಯೇ ಮಾಡಿದ್ದರು. ಪರಿಶೀಲನೆ ಮಾತ್ರ ಅರ್ಧ ಗಂಟೆಯ ಸುತ್ತಾಟದಲ್ಲಿ ಮುಗಿದಿತ್ತು.

ಬಿರುಕು ಬಿಟ್ಟ ಮರುದಿನ ನಮ್ಮ ಮನೆಯ ಮರಗೆಲಸಗಳನ್ನು ಎಷ್ಟೋ ವರ್ಷ ನೋಡಿಕೊಂಡಿದ್ದ ಹಿರಿಯ ಆಚಾರ್ರನ್ನು ನಾನೇ ಹೋಗಿ ಕರೆತಂದೆ. ಅವರು ಅಂಗಳದಲ್ಲಿ ನಿಂತು ಮಾಡನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಆರು ತೊಲೆಗಳನ್ನು ಟಿಪ್ಪರಿಗೆ ಹಿಡಿಸಲಿ ಎಂದು ಯಂತ್ರದ ಗರಗಸದಲ್ಲಿ ನಾಲ್ಕು ನಾಲ್ಕು ಅಡಿಗೆ ತುಂಡರಿಸಿ ಹಾಕಿದ್ದರು. ಆ ರಾಶಿಯನ್ನು ಕಂಡು ಆಚಾರ್ರು ಸಂಸ್ಥೆಯ ಹಿರಿಯ ಸಹೋದರನಿಗೆ, "ತಮ್ಮಾ, ಇದು ಕೆಡವೋ ಮನೆ ಅಲ್ಲ, ಬಿಚ್ಚೋ ಮನೆ" ಎಂದರು. ಆ ಹುಡುಗ ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ನೀವೇ ಮುಂದೆ ನಿಂತು ಬಿಚ್ಚಿಸ್ಕೊಡಿ ಆಚಾರ್ರೇ" ಎಂದ.

ಅಲ್ಲಿಂದ ಮುಂದಿನ ಹನ್ನೆರಡು ದಿನಗಳ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹೆಂಚುಗಳನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ಇಳಿಸಿದರು. ನೂರು ಚದರ ಅಡಿ ಮಾಡಿಗೆ ಸುಮಾರು 150ರಂತೆ ಇದ್ದ ಮೂರು ಸಾವಿರದಷ್ಟು ಮಂಗಳೂರು ಹೆಂಚಿನಲ್ಲಿ ಒಡೆದದ್ದು ಇನ್ನೂರರ ಒಳಗೆ. ಆಮೇಲೆ ಹೆಂಚು ಕೂರುವ ರೀಪಿನ ಪಟ್ಟಿಗಳು, ಆಮೇಲೆ ಅವುಗಳ ಅಡಿಯ ಪಕಾಸಿ, ಕೊನೆಗೆ ತೊಲೆ. ನಮ್ಮ ಮನೆಯ ಕಂಬಕ್ಕೂ ತೊಲೆಗೂ ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ, ಎಲ್ಲವೂ ಮರದ ಗೂಟ ಹೊಡೆದು ಸೇರಿಸಿದ ಸಂದುಗಳು. ಗೂಟಕ್ಕೆ ಒಂದು ತುದಿ ತೆಳು, ಒಂದು ತುದಿ ದಪ್ಪ. ತೆಳು ತುದಿ ಯಾವ ಕಡೆಗಿದೆಯೆಂದು ಆಚಾರ್ರು ಬೆರಳಿನಿಂದ ಸವರಿ ನೋಡಿ, ಆ ಕಡೆಯಿಂದ ಕೊಡತಿಯಲ್ಲಿ (ಮರದ ಸುತ್ತಿಗೆಯಲ್ಲಿ) ಮೂರು ನಾಲ್ಕು ಸಣ್ಣ ಪೆಟ್ಟು ಹಾಕುತ್ತಿದ್ದರು. ಗೂಟ ಜಾರಿ ಅಂಗೈಗೆ ಬೀಳುತ್ತಿತ್ತು. ಹಿಟಾಚಿಗೆ ಬಗ್ಗದಿದ್ದ ಜೋಡಣೆ ಹೀಗೆ ಬಿಟ್ಟುಕೊಟ್ಟಾಗ ಆಪರೇಟರ್ ಸಹ ಯಂತ್ರದಿಂದ ಇಳಿದು ಬಂದು ನೋಡುತ್ತಿದ್ದ. ಪ್ರತಿ ತುಂಡಿಗೂ ಸೀಮೆಸುಣ್ಣದಲ್ಲಿ ಅಂಕೆ ಬರೆದು ಗಿರಣಿಯ ಕಣದಲ್ಲಿ ಜೋಡಿಸಿಟ್ಟರು. ಗೋಡೆಗೆ ಮಣ್ಣಿನ ಗಾರೆ ಇದ್ದುದರಿಂದ ಮನೆಯ ಜಂಬಿಟ್ಟಿಗೆಗಳೂ ಹಾರೆಯ ಮೀಟಿಗೆ ಇಡಿಯಾಗಿಯೇ ಎದ್ದು ಬಂದವು. ಸಿಮೆಂಟ್ ಗಾರೆಯ ಗಿರಣಿಯಲ್ಲಿ ಇದು ಸಾಧ್ಯವಿರಲಿಲ್ಲ.

ಹಣದ ದೃಷ್ಟಿಯಿಂದ ನೋಡಿದರೂ ಇದೇ ಸರಿಯಾದ ದಾರಿಯಾಗಿತ್ತು. 12 ಅಡಿ ಉದ್ದ, 9 ಅಂಗುಲ ಚೌಕದ ಒಂದು ತೊಲೆಯಲ್ಲಿ ಆರೂಮುಕ್ಕಾಲು ಘನ ಅಡಿ ಮರವಿರುತ್ತದೆ. ಅಂಥವು 22 ಇದ್ದವು. ಉದ್ದ ಉಳಿದ ಹೊನ್ನೆ, ಮತ್ತಿಗಳಿಗೆ ಹೊಸ ಮನೆ ಕಟ್ಟುವವರು ಕೊಡುವ ಬೆಲೆಯೇ ಬೇರೆ, ತುಂಡು ಮರಕ್ಕೆ ಸೌದೆ ಅಂಗಡಿಯವನು ಕೊಡುವ ಬೆಲೆಯೇ ಬೇರೆ. ಈ ಕಸುಬಿನಲ್ಲಿ ಗುತ್ತಿಗೆದಾರನ ಲಾಭ ಇರುವುದೇ ಉಳಿಸಿದ ಸಾಮಾನಿನಲ್ಲಿ. ಅದನ್ನು ಒಂದೊಂದಾಗಿ ಅಳೆದು ಪಟ್ಟಿ ಮಾಡದೆ ಒಟ್ಟಾರೆ ದರ ಹೇಳಿದ್ದರಿಂದ ಇವರು ತಮ್ಮ ಲಾಭವನ್ನು ತಾವೇ ಕತ್ತರಿಸಿ ಹಾಕುತ್ತಿದ್ದರು. ಬೀಟೆಯ ಬಾಗಿಲುಗಳು ಮತ್ತು ಸಾಗುವಾನಿಯ ಕಂಬಗಳನ್ನು ಊರಿನಿಂದ ಹೊರಗೆ ಒಯ್ಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಕಾಗದಪತ್ರ ಮಾಡಿಸಿಕೊಳ್ಳಬೇಕೆಂದು ಎಚ್ಚರಿಸಿದವರೂ ಆಚಾರ್ರೇ.

ಗಿರಣಿಯ ಇಟ್ಟಿಗೆ ಚಿಮಣಿಯ ವಿಷಯದಲ್ಲಿ ಸಂಸ್ಥೆ ತೋರಿದ ವಿವೇಕವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಚಿಮಣಿ ಸುಮಾರು 50 ಅಡಿ ಎತ್ತರವಿತ್ತು. ಅದನ್ನು ಒಂದು ಕಡೆಗೆ ಬೀಳಿಸಬೇಕಾದರೆ ಆ ದಿಕ್ಕಿನಲ್ಲಿ ಎತ್ತರದ ಒಂದೂವರೆ ಪಟ್ಟು ಖಾಲಿ ಜಾಗವಾದರೂ ಇರಬೇಕು. ನಮ್ಮಲ್ಲಿ ಯಾವ ದಿಕ್ಕಿಗೂ 75 ಅಡಿ ಸಿಗುತ್ತಿರಲಿಲ್ಲ. ತಂತಿ ಕಟ್ಟಿ ಎಳೆದುಬಿಡೋಣವೆಂದು ಯಾರೋ ಹೇಳಿದಾಗ ಕಿರಿಯ ಸಹೋದರ ಒಪ್ಪಲೇ ಇಲ್ಲ. ಇದು ನಮ್ಮ ಕೈಯಿಂದ ಆಗುವುದಲ್ಲ ಎಂದು ಹೇಳಿ, ಅನುಭವವಿದ್ದ ಬೇರೆ ತಂಡವನ್ನು ತನ್ನ ಖರ್ಚಿನಲ್ಲೇ ಕರೆಸಿದ. ಅವರು ಸುತ್ತ ಅಟ್ಟಣೆ ಕಟ್ಟಿ ತುದಿಯಿಂದ ವರಸೆ ವರಸೆಯಾಗಿ ಇಳಿಸಿದರು, ಐದು ದಿನ ಹಿಡಿಯಿತು.

ಮೇ 7ರ ಲೋಕಸಭಾ ಚುನಾವಣೆಗೆಂದು ಊರಿಗೆ ಹೋದ ಕೂಲಿಯವರು ಆರು ದಿನ ಮರಳಲಿಲ್ಲ. ಆಮೇಲೆ ಕೃತ್ತಿಕೆ ಮಳೆ ಹಿಡಿಯಿತು. ಮನೆಯ ಅರ್ಧ ಬಿಚ್ಚಿದ ಮಣ್ಣಿನ ಗಾರೆಯ ಒಂದು ಗೋಡೆ ರಾತ್ರಿಯ ಮಳೆಗೆ ನೆನೆದು ತಾನಾಗಿ ಕುಸಿಯಿತು. ಹಗಲಾಗಿದ್ದರೆ ಅದರ ಪಕ್ಕದಲ್ಲಿ ಜನ ಇರುತ್ತಿದ್ದರು. ಮಲೆನಾಡಿನಲ್ಲಿ ಈ ಕೆಲಸವನ್ನು ಏಪ್ರಿಲ್ ಎರಡನೆಯ ವಾರಕ್ಕೆ ಶುರು ಮಾಡುವುದೇ ತಡ. ಜನವರಿಯಲ್ಲಿ ಆರಂಭಿಸಿ ಯುಗಾದಿಯ ಹೊತ್ತಿಗೆ ಮುಗಿಸಿರಬೇಕು. 25 ದಿನಗಳ ಕೆಲಸ 68 ದಿನಗಳಿಗೆ ಬಂದು ನಿಂತಿತು.

ಅವರು ಹೆಚ್ಚುವರಿಯಾಗಿ 1,50,000 ಕೇಳಿದರು. ಕಾಂಕ್ರೀಟ್ ನೆಲದ ಮಾತು ಕರಾರಿನಲ್ಲಿ ಇರದಿದ್ದುದರಿಂದ 90,000ಕ್ಕೆ ಒಪ್ಪಿಕೊಂಡೆವು, ಉಳಿದದ್ದನ್ನು ಅವರು ಬಿಟ್ಟರು. ನಷ್ಟವಾದರೂ ಕೆಲಸವನ್ನು ಅರ್ಧಕ್ಕೆ ಬಿಟ್ಟು ಯಂತ್ರಗಳನ್ನು ಒಯ್ಯಲಿಲ್ಲ, ಫೋನ್ ಮಾಡಿದರೆ ಎತ್ತದೆ ಇರಲಿಲ್ಲ, ಕೂಲಿಯವರ ವಾರದ ಬಟವಾಡೆಯನ್ನು ಒಮ್ಮೆಯೂ ತಪ್ಪಿಸಲಿಲ್ಲ. ಐದರಲ್ಲಿ ಎರಡೂವರೆ ನಕ್ಷತ್ರ ಕೊಡುತ್ತೇನೆ. ಶೀಟಿನ ವಿಷಯ ನಡೆಯದಿದ್ದರೆ ಮೂರೂವರೆ ಕೊಡುತ್ತಿದ್ದೆ. ಖಾಲಿ ಜಾಗದ ನಡುವೆ ಒಂಟಿಯಾಗಿ ನಿಂತ ಕಟ್ಟಡವಾದರೆ ಇವರಿಗೆ ಧೈರ್ಯವಾಗಿ ಕೊಡಬಹುದು. ಜಂಟಿ ಗೋಡೆಯಿದ್ದರೆ, ಹಳೆಯ ಮರಮಟ್ಟಿನ ಮನೆಯಾಗಿದ್ದರೆ, ಒಬ್ಬ ಆಚಾರಿಯನ್ನೂ ಒಬ್ಬ ಸಿವಿಲ್ ಇಂಜಿನಿಯರನ್ನೂ ಮೊದಲ ದಿನದಿಂದಲೇ ಜೊತೆಗಿಟ್ಟುಕೊಂಡರೆ ಮಾತ್ರ ಕೊಡಿ, ಮತ್ತು ಅದನ್ನು ಕರಾರಿನಲ್ಲೇ ಬರೆಸಿ. ಕೆಲಸಗಾರರ ವಿಮೆಯ ಪ್ರತಿಯನ್ನು ಮುಂಗಡ ಕೊಡುವ ಮೊದಲು ಕೈಯಲ್ಲಿ ಹಿಡಿದು ನೋಡಿ. ನಮ್ಮ ಕೆಲಸ ನಡೆದಾಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯಿದೆ ಕಟ್ಟುವವರಿಗೆ ಅನ್ವಯಿಸುತ್ತಿದ್ದಂತೆಯೇ ಕೆಡವುವವರಿಗೂ ಅನ್ವಯಿಸುತ್ತಿತ್ತು.

ಗೊಬ್ಬರದ ಅಂಗಡಿಯ ಗೋಡೆಗೆ ಅವರೇ ಕಬ್ಬಿಣದ ಪಟ್ಟಿ ಕೊಟ್ಟು, ಬಿರುಕು ತುಂಬಿ, ಹೊರಮೈಗೆ ಸಿಮೆಂಟಿನ ಗಿಲಾವು ಮಾಡಿಸಿದರು. ನಾವು ತಡೆಹಿಡಿದಿದ್ದ 60,000 ರೂಪಾಯಿಯನ್ನು ಆ ವರ್ಷದ ಮಳೆಗಾಲ ಪೂರ್ತಿ ಕಳೆದು, ಗೋಡೆ ಒಳಗಡೆ ಒದ್ದೆಯಾಗಿಲ್ಲವೆಂದು ಅಂಗಡಿಯ ಯಜಮಾನರು ಹೇಳಿದ ಮೇಲೆ, ದೀಪಾವಳಿಯ ಹಿಂದಿನ ವಾರ ಕೊಟ್ಟೆವು.