ನಾಲ್ಕು ವರ್ಷ ಬಳಸಿದ 5-25×50 ಸ್ಕೋಪ್: ನಂಬಬಹುದಾದ ಕ್ಲಿಕ್ಕು, ಕಾಡಿದ ಒಂದು ಕೊರತೆ

ದೂರದ ಗುರಿಗೆಂದು ಸ್ಕೋಪ್ (ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು) ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದನ್ನು. ನಾನೂ ಅದನ್ನೇ ವಿಚಾರಿಸಿ, 24 ಪಟ್ಟು ತೋರಿಸುವ ಅಗ್ಗದ ಸ್ಕೋಪೊಂದನ್ನು ಕೊಂಡಿದ್ದೆ. 600 ಮೀಟರ್ ದಾಟಿದೊಡನೆ ಗುಂಡುಗಳು ಎಲ್ಲೆಲ್ಲೋ ಬೀಳುತ್ತಿದ್ದವು. ಉಸಿರಾಟದಲ್ಲೋ ಟ್ರಿಗರ್ ಎಳೆಯುವುದರಲ್ಲೋ ನನ್ನದೇ ತಪ್ಪಿರಬೇಕೆಂದು ಎರಡು ವರ್ಷ ಅಭ್ಯಾಸ ಮಾಡಿದೆ.

ತಪ್ಪು ಟರೆಟ್ಟಿನಲ್ಲಿತ್ತು, ಅಂದರೆ ಗುಂಡು ಬೀಳುವ ಜಾಗವನ್ನು ಏರಿಸಲು ಇಳಿಸಲು ಕ್ಲಿಕ್ ಕ್ಲಿಕ್ಕೆಂದು ತಿರುಗಿಸುವ ಸ್ಕೋಪಿನ ಗುಂಡಿಯಲ್ಲಿ. 100 ಮೀಟರಿನಲ್ಲಿ ಎತ್ತರದ ಹಲಗೆಯೊಂದನ್ನು ನಿಲ್ಲಿಸಿ, ತೂಗುಗುಂಡಿನ ನೂಲು ಹಿಡಿದು ಲಂಬವಾಗಿ ಗೆರೆ ಎಳೆದು, ಬುಡದ ಚುಕ್ಕೆಗೇ ಗುರಿಯಿಟ್ಟು ಮೂರು ಗುಂಡು ಹೊಡೆದೆ. ಆಮೇಲೆ ಟರೆಟ್ಟನ್ನು 10 ಮಿಲ್ (ಮಿಲ್ ಎಂಬುದು ಕೋನದ ಒಂದು ಅಳತೆ) ಏರಿಸಿ ಅದೇ ಚುಕ್ಕೆಗೆ ಮತ್ತೆ ಮೂರು ಹೊಡೆದೆ. ಆ ದೂರದಲ್ಲಿ ಒಂದು ಮಿಲ್ ಎಂದರೆ 10 ಸೆಂಟಿಮೀಟರ್, ಹಾಗಾಗಿ ಎರಡು ಗುಂಪುಗಳ ನಡುವೆ 100 ಸೆಂಟಿಮೀಟರ್ ಇರಬೇಕಿತ್ತು. ಅಳೆದಾಗ 98 ಬಂತು. ನನ್ನ .308 ರೈಫಲ್ಲಿಗೆ 800 ಮೀಟರಿನಲ್ಲಿ ಸುಮಾರು 9 ಮಿಲ್ ಏರಿಸಬೇಕಾಗುತ್ತದೆ, ಆದ್ದರಿಂದ ಅಷ್ಟು ಸಣ್ಣ ವ್ಯತ್ಯಾಸವೇ ಅಲ್ಲಿ 14 ಸೆಂಟಿಮೀಟರ್ ಆಗುತ್ತದೆ. ಪ್ರತಿಸಲವೂ ಅಷ್ಟೇ ಕಡಿಮೆ ಬರುವುದಾದರೆ ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದಿತ್ತು, ಆದರೆ ಟರೆಟ್ಟನ್ನು ಸೊನ್ನೆಗೆ ಮರಳಿಸಿದಾಗಲೂ ಗುಂಡು ಮೊದಲಿನ ಜಾಗಕ್ಕೆ ಬರಲಿಲ್ಲ.

5ರಿಂದ 25 ಪಟ್ಟು ತೋರಿಸುವ, 50 ಮಿಲಿಮೀಟರ್ ಮಸೂರದ ಈಗಿನ ಸ್ಕೋಪನ್ನು ಕೊಳ್ಳುವಾಗ ರೈಫಲ್ಲಿಗೆ ಕೊಟ್ಟಷ್ಟೇ ಹಣವನ್ನು ಅದಕ್ಕೂ ತೆಗೆದಿಟ್ಟು, ಅದರಲ್ಲಿ ಒಂದು ಪಾಲನ್ನು ಸ್ಕೋಪನ್ನು ರೈಫಲ್ಲಿಗೆ ಬಿಗಿಯುವ ಗಟ್ಟಿಯಾದ ರಿಂಗುಗಳಿಗೂ 20 ಎಂಒಎ (ಕೋನದ ಇನ್ನೊಂದು ಅಳತೆ) ಓರೆಯ ಬೇಸಿಗೂ ಮೀಸಲಿಟ್ಟೆ. ಆ ಓರೆಯಿಂದ ಮೇಲಕ್ಕೆ ತಿರುಗಿಸಲು ಸುಮಾರು 5.8 ಮಿಲ್ ಹೆಚ್ಚುವರಿ ಅವಕಾಶ ಸಿಗುತ್ತದೆ, ದೂರ ಹೊಡೆಯುವವರಿಗೆ ಅದು ಬೇಕೇ ಬೇಕು.

ಮೊದಲ ತಿಂಗಳುಗಳಲ್ಲಿ ನನಗೆ ಇದರ ಮೇಲೆ ಬೇಸರವೇ ಇತ್ತು. 25 ಪಟ್ಟಿನಲ್ಲಿ ನೋಟ ಮಂಕಾಗುತ್ತದೆ. 50 ಮಿಲಿಮೀಟರಿನ ಮಸೂರವನ್ನು 25ರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿ 2 ಮಿಲಿಮೀಟರ್ ಮಾತ್ರ, ಸಂಜೆಗೆ ಅದು ಸಾಲದು. ಅದಕ್ಕಿಂತ ಹೆಚ್ಚು ಕಾಡಿದ್ದು ಟರೆಟ್ಟಿಗೆ ಸೊನ್ನೆಯಲ್ಲಿ ತಡೆ ಇಲ್ಲದಿರುವುದು. ಒಂದು ಸುತ್ತಿಗೆ 10 ಮಿಲ್. ಪೂರ್ತಿ ಒಂದು ಸುತ್ತು ಮೇಲಿದ್ದರೂ ಗುರುತು ಸೊನ್ನೆಯನ್ನೇ ತೋರಿಸುತ್ತದೆ. ಒಮ್ಮೆ ಹಾಗೆಯೇ ಮರೆತು 100 ಮೀಟರಿನ ಗುರಿಗೆ ಹೊಡೆದಾಗ ಗುಂಡು ಹಲಗೆಯ ಮೇಲಿಂದ ಹಾದು ಹಿಂದಿನ ಮಣ್ಣಿನ ದಿಬ್ಬಕ್ಕೆ ಬಡಿಯಿತು. ದಿಬ್ಬ ಸಾಕಷ್ಟು ಎತ್ತರವಿದ್ದುದರಿಂದ ಅನಾಹುತವೇನೂ ಆಗಲಿಲ್ಲ, ಆದರೂ ಆ ದಿನ ಮತ್ತೆ ಹೊಡೆಯಲು ಮನಸ್ಸಾಗಲಿಲ್ಲ. ಈ ಬೆಲೆಯ ಸ್ಕೋಪಿನಲ್ಲಿ ತಯಾರಕರು ಇದನ್ನು ಬಿಡಬಾರದಿತ್ತು.

ಅಂದಿನಿಂದ ಗುಂಡು ತುಂಬುವ ಮೊದಲು ಟರೆಟ್ಟಿನ ಕೆಳಗೆ ಸುತ್ತಿನ ಎಷ್ಟು ಗೆರೆಗಳು ಕಾಣುತ್ತಿವೆ ಎಂದು ಬೆರಳಿಟ್ಟು ಎಣಿಸುತ್ತೇನೆ. ಬಳಿಕ ಪ್ಯಾರಲಾಕ್ಸ್, ಅಂದರೆ ಕಣ್ಣು ಅಲುಗಿದಾಗ ಸ್ಕೋಪಿನ ಗೆರೆಗಳು ಗುರಿಯ ಮೇಲೆ ಜರುಗಿದಂತೆ ಕಾಣುವುದನ್ನು, ಸರಿಪಡಿಸುವ ಸರದಿ. ಗುಂಡಿಯ ಮೇಲೆ ಮುದ್ರಿಸಿದ ದೂರಗಳು ನಿಜವಾದ ದೂರಕ್ಕೆ ಹೊಂದುವುದಿಲ್ಲ, ಆದ್ದರಿಂದ ಅದರ ಸುತ್ತ ಬಿಳಿ ಟೇಪು ಸುತ್ತಿ ನನ್ನದೇ ಗುರುತುಗಳನ್ನು ಬರೆದಿದ್ದೇನೆ. ರೈಫಲ್ಲನ್ನು ಮರಳುಚೀಲದ ಮೇಲೆ ಅಲುಗದಂತೆ ಕೂರಿಸಿ, ತಲೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಆಡಿಸುತ್ತಾ, ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆಗಳು) ಗುರಿಯ ಮೇಲೆ ತೇಲುವುದನ್ನು ನಿಲ್ಲಿಸಿ ಅಂಟಿಕೊಂಡಂತೆ ಕಾಣುವವರೆಗೆ ಗುಂಡಿಯನ್ನು ತಿರುಗಿಸುವ ಆ ಒಂದೆರಡು ನಿಮಿಷ ನನಗೆ ಬಹಳ ಇಷ್ಟ.

ವರ್ಷಕ್ಕೆರಡು ಬಾರಿ ಅದೇ ಎತ್ತರದ ಹಲಗೆಯ ಪರೀಕ್ಷೆ ಮಾಡುತ್ತಾ ಬಂದಂತೆ ಬೇಸರ ಕರಗಿತು. ಪ್ರತಿ ಸಲವೂ 10 ಮಿಲ್ಲಿಗೆ ಅಳತೆಪಟ್ಟಿ 100 ಸೆಂಟಿಮೀಟರನ್ನೇ ತೋರಿಸಿದೆ, ಸೊನ್ನೆಗೆ ತಂದಾಗ ಗುಂಡುಗಳು ಮೊದಲ ಗುಂಪಿನೊಳಗೇ ಬಿದ್ದಿವೆ. ಬಿಸಿಲೇರಿ ಗಾಳಿ ನೀರಿನಂತೆ ಕುದಿಯತೊಡಗಿದಾಗ 25 ಪಟ್ಟು ಹೇಗೂ ಉಪಯೋಗಕ್ಕೆ ಬಾರದು. 12ರಿಂದ 15ರಲ್ಲಿ ನೋಟವೂ ಬೆಳಗುತ್ತದೆ, ರೆಟಿಕಲ್ ಮೊದಲ ನಾಭಿತಲದಲ್ಲಿದ್ದು ಚಿತ್ರದೊಂದಿಗೆ ತಾನೂ ಹಿಗ್ಗಿ ಕುಗ್ಗುವುದರಿಂದ ಪಟ್ಟು ಇಳಿಸಿದರೂ ಮಿಲ್ ಅಳತೆ ಬದಲಾಗುವುದಿಲ್ಲ. ನಾನು ಹೊಡೆಯುವುದು ಬೆಳಗಿನ ಹೊತ್ತು, ಕಾಗದದ ಗುರಿಗೆ ಮತ್ತು ಉಕ್ಕಿನ ತಟ್ಟೆಗೆ. ಮುಸ್ಸಂಜೆಯಲ್ಲಿ ಹೊಡೆಯುವವರು ಇದೇ ಹಣಕ್ಕೆ ಕಡಿಮೆ ಪಟ್ಟಿನ, ಮಸೂರ ಇನ್ನಷ್ಟು ಉತ್ತಮವಾಗಿರುವ ಸ್ಕೋಪನ್ನು ಕೊಳ್ಳುವುದು ಒಳ್ಳೆಯದು. ಆದರೆ ಯಾವುದನ್ನೇ ಕೊಂಡರೂ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಹಲಗೆ ನಿಲ್ಲಿಸಿ ಅಳೆದು ನೋಡಿ.