ಕಡಿಮೆ ಸಂಬಳ ತೋರಿಸಿದ ಪಾಲಿಸಿ, ಇದ್ದ ಸಂಬಳ ತೋರಿಸಿದ ಪಾಲಿಸಿ: ಎರಡನ್ನೂ ಕೊಂಡ ಮೇಲೆ

ಬೆಂಗಳೂರಿನ ಪೀಣ್ಯದಲ್ಲಿ ನನ್ನದು ಎಂಟು ಜನರ ಪ್ರೆಸ್ ಶಾಪ್, ತಗಡನ್ನು ಯಂತ್ರದಲ್ಲಿ ಒತ್ತಿ ಆಕಾರ ಕೊಡುವ ಕೆಲಸ. ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕರು ಕೊಡಬೇಕಾದ ಪರಿಹಾರವನ್ನು ಭರಿಸುವ ಕಾರ್ಮಿಕ ಪರಿಹಾರ ವಿಮೆಯಲ್ಲಿ ದುಡ್ಡು ಉಳಿಸಬೇಕೆಂದಿದ್ದರೆ ಸಂಬಳವನ್ನು ಇದ್ದಂತೆ ತೋರಿಸಿ, ಯಾರು ಏನು ಕೆಲಸ ಮಾಡುತ್ತಾರೆಂದು ಬಿಡಿಸಿ ಬರೆಸಿ. ನಾನು ಈ ದಾರಿಗೆ ಬಂದದ್ದು ಸಂಬಳ ಕಡಿಮೆ ತೋರಿಸಿ ಕೈ ಸುಟ್ಟುಕೊಂಡ ಮೇಲೆ.

2022ರಲ್ಲಿ ಏಜೆಂಟರು ಹೇಳಿದ ಲೆಕ್ಕ ಸರಳವಾಗಿತ್ತು. ಕಂತು ನಿಗದಿಯಾಗುವುದು ಒಟ್ಟು ಸಂಬಳದ ಮೇಲೆ. ತಿಂಗಳಿಗೆ ತಲಾ 18,000 ಕೊಡುತ್ತಿದ್ದರೂ 9,000 ಎಂದು ಬರೆಸಿದರೆ ಕಂತು ಅರ್ಧಕ್ಕೆ ಇಳಿಯುತ್ತದೆ. ಆಸ್ಪತ್ರೆ ಖರ್ಚಿನ ಹೆಚ್ಚುವರಿ ರಕ್ಷಣೆಯನ್ನೂ ತೆಗೆಸಿದೆ. ಸುಮಾರು ಆರು ಸಾವಿರ ಉಳಿಯಿತು.

ಮರುವರ್ಷ ಒಬ್ಬ ಹುಡುಗ ಪ್ರೆಸ್ಸಿನ ಡೈಯೊಳಗೆ (ಅಚ್ಚಿನೊಳಗೆ) ಸಿಕ್ಕಿಕೊಂಡ ತಗಡಿನ ಚೂರು ತೆಗೆಯಲು ಕೈ ಹಾಕಿದ. ತೋರುಬೆರಳಿನ ತುದಿಗೆಣ್ಣು ಹೋಯಿತು. ವಯಸ್ಸು 30. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000. ಅದರ ಶೇ 60ನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಬೇಕು, ತೋರುಬೆರಳಿನ ಒಂದು ಗೆಣ್ಣಿಗೆ ಅದರಲ್ಲಿ ಶೇ 9. ಒಟ್ಟು 1,68,464 ರೂಪಾಯಿ.

ವಿಮಾ ಕಂಪನಿಯಿಂದ ತನಿಖೆಗೆ ಬಂದವರು ಹನ್ನೆರಡು ತಿಂಗಳ ಸಂಬಳದ ರಿಜಿಸ್ಟರ್ ಕೇಳಿದರು. ಪುಟ ತಿರುವಿ, ಆ ಹುಡುಗನ ಸಹಿಯ ಪಕ್ಕದಲ್ಲಿದ್ದ 18,000ದ ಮೇಲೆ ಪೆನ್ನು ಇಟ್ಟು, ಪಾಲಿಸಿಯ ಹಾಳೆಯಲ್ಲಿದ್ದ 9,000 ತೋರಿಸಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅರ್ಧ ಸಂಬಳಕ್ಕೆ ಕಂತು ಕಟ್ಟಿದ್ದರಿಂದ ವಿಮಾ ಕಂಪನಿ ಕೊಟ್ಟದ್ದೂ ಅರ್ಧ. ಉಳಿದ 84,232 ರೂಪಾಯಿ ನನ್ನ ಕೈಯಿಂದ, ಆಸ್ಪತ್ರೆಯ ಬಿಲ್ಲೂ ನನ್ನ ಕೈಯಿಂದ. ಪರಿಹಾರವನ್ನು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಮೇಲೆ ದಂಡವೂ ಬೀಳಬಹುದಿತ್ತು. ಹೆಂಡತಿಯ ಬಳೆ ಒತ್ತೆ ಇಟ್ಟು ಗಡುವಿನೊಳಗೆ ಕಟ್ಟಿದೆ. ಆ ಹುಡುಗ ಕಾಯುವಂತಾಗಬಾರದು ಎನ್ನುವುದೊಂದೇ ಮನಸ್ಸಿನಲ್ಲಿತ್ತು.

ಈಗಿನ ಪಾಲಿಸಿಯಲ್ಲಿ ಸಂಬಳ ಪೂರ್ತಿ ಇದೆ, ಆಸ್ಪತ್ರೆ ಖರ್ಚೂ ಸೇರಿದೆ. ಮೊದಲು ಎಂಟೂ ಜನರಿಗೆ ಪ್ರೆಸ್ಸಿನ ದರವನ್ನೇ ಹಾಕಿದ್ದರು. ಯಂತ್ರದ ಮುಂದೆ ಕೂರುವವರು ನಾಲ್ವರೇ. ಲೆಕ್ಕ ಬರೆಯುವವರು, ಚಾಲಕ, ಮಹಡಿಯಲ್ಲಿ ಪ್ಯಾಕಿಂಗ್ ಮಾಡುವ ಇಬ್ಬರನ್ನು ಬೇರೆ ಸಾಲಿನಲ್ಲಿ, ಕಡಿಮೆ ದರಕ್ಕೆ ಹಾಕಿಸಿದೆ. ಹೀಗಾಗಿ ಹಳೆಯ ಕಂತಿಗಿಂತ ಹೆಚ್ಚಾದದ್ದು ನಾಲ್ಕು ಸಾವಿರ ಮಾತ್ರ. ಆದರೆ ಎಷ್ಟೇ ಆರ್ಡರ್ ಇರಲಿ, ಪ್ಯಾಕಿಂಗ್‌ನವರನ್ನು ಪ್ರೆಸ್ಸಿಗೆ ಕೂರಿಸುವುದಿಲ್ಲ. ವರ್ಷದ ಕೊನೆಯಲ್ಲಿ ನಿಜವಾಗಿ ಕೊಟ್ಟ ಸಂಬಳದ ಲೆಕ್ಕ ಒಪ್ಪಿಸುತ್ತೇನೆ.

ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ನನ್ನ ಭಾವನ ಕಾರ್ಖಾನೆಯಲ್ಲಿದೆ. ಹತ್ತು ಜನರಾದರೆ ಅದು ಕಡ್ಡಾಯ. 21,000ದವರೆಗಿನ ಸಂಬಳಕ್ಕೆ ಮಾಲೀಕರ ಪಾಲು ಶೇ 3.25, ಕಾರ್ಮಿಕರ ಪಾಲು ಶೇ 0.75. ಎಂದರೆ 18,000 ಸಂಬಳದವರಿಗೆ ನಮ್ಮ ಕಡೆಯಿಂದ ತಿಂಗಳಿಗೆ 585. ಪಾಲಿಸಿಗಿಂತ ದುಬಾರಿ, ಆದರೆ ಅದರಲ್ಲಿ ಮನೆಯವರ ಚಿಕಿತ್ಸೆಯೂ ಸೇರಿದೆ. ಒಂಬತ್ತಕ್ಕೇ ಜನರನ್ನು ನಿಲ್ಲಿಸಿ ಅದನ್ನು ತಪ್ಪಿಸಿಕೊಳ್ಳುವ ಯೋಚನೆ ನನಗಿಲ್ಲ.

ಉಳಿತಾಯದ ಇನ್ನೊಂದು ದಾರಿ ಯಂತ್ರದಲ್ಲೇ ಇತ್ತು: ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂಥ ಗುಂಡಿ. ನಾಲ್ಕು ಪ್ರೆಸ್ಸುಗಳಲ್ಲಿ ಮೂರಕ್ಕೆ ಹಾಕಿಸಿದ್ದೇನೆ. ನಾಲ್ಕನೆಯದನ್ನು ಗುಂಡಿ ಬರುವವರೆಗೆ ನಿಲ್ಲಿಸಿದ್ದೇನೆ.